ಹನ್ನೊಂದನೇ ಮಂಚದ ಚಾದರ

ಹುಚ್ಚೀರಪ್ಪ ಚಾದರದ ಒಂದು ತುದಿ ಹಿಡಿದು ಎಳೆದ. ಇನ್ನೊಂದು ತುದಿ ಮೋತಿಬಿಯ ಮುಷ್ಟಿಯಲ್ಲಿತ್ತು.

"ಬಿಡವ್ವಾ, ದವಾಖಾನಿದು. ಹನ್ನೊಂದನೇ ಮಂಚಕ್ಕ ಆಗಲೇ ಬ್ಯಾರೆ ಪೇಶಂಟ್ ಬಂದಾನ. ಬರೇ ಗಾದಿ ಮ್ಯಾಲೆ ಮಲಗ್ಯಾನ."

ಹುಚ್ಚೀರಪ್ಪ ಗದಗಿನ ದವಾಖಾನೆಯೊಂದರಲ್ಲಿ ವಾರ್ಡಿನ ಆಳು. ಬೆಳಿಗ್ಗೆ ಮೋತಿಬಿಯ ಗಂಡ ಖಾಸಿಂಸಾಬನ ಹೆಣವನ್ನು ಅದೇ ಚಾದರದಲ್ಲಿ ಸುತ್ತಿ ಬೆಟಗೇರಿಯ ಮನೆಗೆ ತಂದಿದ್ದರು. ಈಗ ಮೈ ತೊಳೆಸಿ, ಕಫನ್ ಸುತ್ತಿ, ಮಗ್ಗದ ಪಕ್ಕ ಮಲಗಿಸಿದ್ದಾರೆ. ಮೂವತ್ತು ವರ್ಷ ಊರವರ ಮೈಗೆ ಸೀರೆ ನೇಯ್ದವನಿಗೆ ಕೊನೆಗೆ ಸಿಕ್ಕಿದ್ದು ಗಿರಣಿಯ ಬಟ್ಟೆ.

"ಕಾಲು ಮುರಕೊಂಡ ಮನಶ್ಯಾ ಸಾಯ್ತಾನೇನ?" ಸತ್ತವನ ಅಕ್ಕ ಬೀಬಿಜಾನ ಎದೆ ಬಡಿದುಕೊಂಡಳು. "ಮಗ್ಗದ ಕುಣ್ಯಾಗ ಜಾರಿ ಬಿದ್ದು ಯಾರರ ಸತ್ತಾರೇನವ್ವಾ?"

ಹುಚ್ಚೀರಪ್ಪ ತಲೆ ತಗ್ಗಿಸಿದ. ಯಾತರಿಂದ ಸತ್ತ ಎಂದು ಅವನಿಗೆ ಗೊತ್ತಿತ್ತು. ಮೋತಿಬಿಗೂ ಗೊತ್ತಿತ್ತು.

*

ಎಪ್ಪತ್ತೊಂಬತ್ತರ ಬೇಸಿಗೆ. ಮೂರು ದಿನದ ಹಿಂದೆ ಡಾಕ್ಟರು ಮುರಿದ ಕಾಲನ್ನು ನೋಡಿ, ಮೋತಿಬಿಯ ಕಡೆ ತಿರುಗಿ ಕೇಳಿದ್ದರು: "ಕುಡಿಯೋ ಚಟ ಇದೆಯೇನಮ್ಮ?"

ಮಂಚದ ಕಾಲಬದಿಯಲ್ಲಿ ಮುಳಗುಂದದ ಮಹಬೂಬಸಾಬ ನಿಂತಿದ್ದ. ಬರುವ ತಿಂಗಳು ಅವನ ಮಗನಿಗೂ ಮೋತಿಬಿಯ ಮಗಳು ಅಲ್ಮಾಸಬಿಗೂ ಲಗ್ನ. ಸುದ್ದಿ ಕೇಳಿ ಬೀಗನನ್ನು ನೋಡಲು ಬಂದಿದ್ದ. ಖಾಸಿಂಸಾಬ ಕಣ್ಣು ಮುಚ್ಚಿಕೊಂಡ.

ಹದಿನೈದು ವರ್ಷದಿಂದ, ಬೆಳಗಾದರೆ ಸಾರಾಯಿ ಹೊಟ್ಟೆಗಿಳಿಯದೆ ಅವನ ಕೈ ಲಾಳಿ ಹಿಡಿಯುತ್ತಿರಲಿಲ್ಲ. ಕೈ ನಡುಗಿದರೆ ಎಳೆ ಹರಿಯುತ್ತದೆ, ಎಳೆ ಹರಿದರೆ ಸೀರೆ ಕೆಡುತ್ತದೆ. ಹಾಗಾಗಿ ಮೋತಿಬಿಯೇ ನೂಲಿನ ಬುಟ್ಟಿಯಲ್ಲಿ ಬಾಟಲಿ ಮುಚ್ಚಿಟ್ಟು ತರುತ್ತಿದ್ದಳು. ಅವಳ ಕಣ್ಣಿಗೆ ಅದು ಅವನ ಔಷಧವಾಗಿಬಿಟ್ಟಿತ್ತು.

"ಇಲ್ರೀ," ಅಂದಳು. "ನಮ್ಮ ಮನ್ಯಾಗ ಅದನ್ನ ಮುಟ್ಟಂಗಿಲ್ರಿ."

ಡಾಕ್ಟರು ಹಾಗೇ ಬರೆದುಕೊಂಡರು. ವರಾಂಡದಲ್ಲಿ ಹುಚ್ಚೀರಪ್ಪ ಮೆಲ್ಲಗೆ ಹೇಳಿದ: "ಖರೆ ಹೇಳವ್ವಾ. ನನ್ನ ವಾರ್ಡಿನಾಗ ಇಪ್ಪತ್ತು ಮಂಚ, ಎಂಟು ಮಂದಿ ಅದ ಕುಡಿತದ ಕೇಸು. ಒಬ್ಬಾಂವ ಹೊಟ್ಟಿನೋವು ಅಂತಾನ, ಒಬ್ಬಾಂವ ಸೈಕಲ್ ಮ್ಯಾಲಿಂದ ಬಿದ್ದೆ ಅಂತಾನ. ಹೆಂಡ್ರನ್ನ ಕೇಳಿದ್ರ ಎಲ್ಲಾರದೂ ಒಂದ ಮಾತು, ಇಲ್ಲ."

"ನನ್ನ ಗಂಡ ಅಂಥಾಂವ ಅಲ್ಲ," ಎಂದು ಮುಖ ತಿರುಗಿಸಿದಳು.

ಮೂರನೆಯ ದಿನ ಮಧ್ಯಾಹ್ನ ಅವನ ಮೈಯೆಲ್ಲ ನಡುಗತೊಡಗಿತು. ಹೆಂಡತಿಯ ಗುರುತು ಹತ್ತಲಿಲ್ಲ. ಚಾದರದ ಅಂಚಿನಿಂದ ಒಂದೊಂದೇ ಎಳೆ ಕಿತ್ತು ಗಂಟು ಹಾಕುತ್ತ ಗೊಣಗಿದ: "ಎಳಿ ಹರದಾವ... ಎಲ್ಲಾ ಹರದಾವ... ಜಲ್ದಿ ಜಲ್ದಿ..." ಮಹಬೂಬಸಾಬನ ಹೆಂಡತಿ ಮೋಸಂಬಿ ಸುಲಿಯುತ್ತ ಪಕ್ಕದಲ್ಲೇ ಕುಳಿತಿದ್ದಳು. ಮೋತಿಬಿ ತುಟಿ ಕಚ್ಚಿಕೊಂಡು ಕುಳಿತಳು. ಬೀಗತಿ ಎದ್ದು ಹೋಗಲಿ, ಆಮೇಲೆ ಹೇಳುತ್ತೇನೆ ಎಂದುಕೊಂಡಳು. ಬೀಗತಿ ಹೊತ್ತು ಮುಳುಗುವ ತನಕ ಏಳಲಿಲ್ಲ.

ಮೈ ಸೆಟೆದು ಫಿಟ್ಸ್ ಬಂದ ಮೇಲೆ ಮೋತಿಬಿ ಡಾಕ್ಟರ ಕಾಲು ಹಿಡಿದು ಬಾಯಿಬಿಟ್ಟಳು.

"ದಿನಾ ಕುಡಿಯೋರಿಗೆ ಅದು ಒಮ್ಮೆಗೇ ನಿಂತರೆ ಹೀಗಾಗುತ್ತೆ. ಮೊದಲೇ ಹೇಳಿದ್ದರೆ ಅದಕ್ಕೆ ಬೇರೆ ಔಷಧ ಇತ್ತಲ್ಲಮ್ಮ," ಎಂದರು ಅವರು. ಬೆಳಗಾಗುವಷ್ಟರಲ್ಲಿ ಎಲ್ಲ ಮುಗಿದಿತ್ತು.

*

"ಮೋತಿಬಿ, ಮಾಫ್ ಮಾಡೀನಿ ಅನ್ನವ್ವಾ," ಬೀಬಿಜಾನ ಭುಜ ಅಲುಗಿಸಿದಳು. "ಜನಾಜಾ ಎತ್ತಾಕ ಮಂದಿ ಕಾಯಾಕತ್ಯಾರ."

ಗಂಡನನ್ನು ಒಯ್ಯುವ ಮೊದಲು ಅವನ ತಪ್ಪನ್ನೆಲ್ಲ ಹೆಂಡತಿ ಮಾಫು ಮಾಡಬೇಕು, ಅದು ಪದ್ಧತಿ. ಹೆಗಲು ಕೊಡುವ ಗಂಡಸರು ಬಾಗಿಲಿಗೆ ಬಂದಿದ್ದರು. ಮುಂದೆ ಮಹಬೂಬಸಾಬನೇ ಇದ್ದ.

"ನಾ ಏನ್ ಮಾಫ್ ಮಾಡ್ಲಿ?" ಮೋತಿಬಿ ಕೂಗಿಬಿಟ್ಟಳು. "ಅಂವ ಕುಡೀತಿದ್ದ. ದಿನಾ ಕುಡೀತಿದ್ದ. ನಾನ ತಂದು ಕೊಡ್ತಿದ್ದೆ. ಡಾಕ್ಟರ್ ಕೇಳಿದ್ರ ಇಲ್ಲ ಅಂದೆ. ಕೊಂದಾಕಿ ನಾ! ಅಂವ ಎದ್ದು ನನ್ನ ಮಾಫ್ ಮಾಡ್ಲಿ!"

ಅಲ್ಮಾಸಬಿ ತಾಯಿಯ ಬಾಯಿಗೆ ಕೈ ಅಡ್ಡ ತಂದಳು. ಹೊತ್ತು ಮೀರಿತ್ತು.

ಮಹಬೂಬಸಾಬ ತಲೆಯ ಮೇಲಿನ ವಸ್ತ್ರದಿಂದ ಮುಖ ಒರೆಸಿಕೊಂಡ.

"ನನಗ ಗೊತ್ತಿತ್ತು ಬೀಗತಿ. ಲಕ್ಷ್ಮೇಶ್ವರದ ಸಂತ್ಯಾಗ ನಾವಿಬ್ರೂ ಕೂಡೇ ಕುಡೀತಿದ್ವಿ. ನೀ ಇಲ್ಲ ಅಂದಿ. ನಾಕ ಮಂದ್ಯಾಗ ನಿನ್ನ ಮಾತು ಸುಳ್ಳು ಮಾಡಬಾರ್ದಂತ ನಾ ಸುಮ್ಮನಾದೆ."

ಮೋತಿಬಿ ಅವನನ್ನೇ ನೋಡಿದಳು. ಯಾರಿಂದ ಮುಚ್ಚಿಟ್ಟಳೋ ಅವನಿಗೇ ಗೊತ್ತಿತ್ತು.

ಜನಾಜಾ ಎದ್ದಿತು, ಓಣಿ ದಾಟಿತು. ಹುಚ್ಚೀರಪ್ಪ ಇನ್ನೂ ಹೊಸ್ತಿಲಲ್ಲೇ ಇದ್ದ.

"ಹನ್ನೊಂದನೇ ಮಂಚದಾಂವಗ ಏನಾಗೇತಿ?" ಅವಳು ಕೇಳಿದಳು.

"ಹೊಟ್ಟಿನೋವು ಅಂತವ್ವಾ. ಶಿರಹಟ್ಟಿ ಕಡ್ಯಾಂವ."

"ಕುಡೀತಾನೇನು?"

ಹುಚ್ಚೀರಪ್ಪ ಅವಳ ಮುಖ ನೋಡಲಾರದೆ ಅಂಗಳದ ಕಡೆ ನೋಡಿದ. "ಹೆಂಡತಿ ಇಲ್ಲ ಅಂತಾಳ."

ಮೋತಿಬಿ ಮುಷ್ಟಿ ಸಡಿಲಿಸಿದಳು. ಚಾದರವನ್ನು ತಾನೇ ಮಡಚಿ, ಅಂಚು ಮೇಲೆ ಮಾಡಿ ಅವನ ಕೈಗಿಟ್ಟಳು.

"ಇದನ್ನ ಆಕಿಗೆ ತೋರ್ಸು. ನಾನೂ ಇಲ್ಲ ಅಂದಿದ್ದೆ ಅಂತ ಹೇಳು."

ಅಂಚಿನುದ್ದಕ್ಕೂ ಸಣ್ಣ ಸಣ್ಣ ನೇಕಾರಗಂಟುಗಳಿದ್ದವು. ಅಷ್ಟು ನಡುಗುವ ಕೈಯಲ್ಲಿ ಹಾಕಿದ್ದರೂ ಒಂದೂ ಜಾರಿರಲಿಲ್ಲ.