ಬಾವಿಗೆ ಮೊದಲು ಇಳಿಯುವವರು

ಮಸರಕಲ್ಲಿನಲ್ಲಿ ಯಮನಮ್ಮನ ಬಾಯಿಗೆ ಹೆದರದಿರುವವು ಅವಳ ನಲವತ್ತು ಕುರಿಗಳು ಮಾತ್ರ. ಅಂಥ ಗಟ್ಟಿಗಿತ್ತಿ ಅವತ್ತು ರಾಯಚೂರಿನ ಸಭಾಭವನದಲ್ಲಿ, ನೆತ್ತಿಯ ಮೇಲೆ ಎಸಿ ಗಾಳಿ ಬೀಸುತ್ತಿದ್ದರೂ ಬೆವರುತ್ತಾ ಕೂತಿದ್ದಳು.

ವೇದಿಕೆಯ ಮೇಜಿನ ಮೇಲಿದ್ದ ಕಾಗದದ ಕಟ್ಟೇ ಅದಕ್ಕೆ ಕಾರಣ. ಕುರಿ ಸಾಕುವ ಮೂವತ್ತಾರು ಮನೆಗಳ ಹೆಬ್ಬೆಟ್ಟುಗಳು ಅದರಲ್ಲಿದ್ದವು. ಮನೆಮನೆ ತಿರುಗಿ ಒತ್ತಿಸಿದವಳು ಇವಳೇ. ಹೋದ ತಿಂಗಳು ಪರಿಸರ ಸಂಸ್ಥೆಯೊಂದರ ಸಂಜೀವ ಊರಿಗೆ ಬಂದು, "ಭೂಮಿ ಕಾಯಾಕತ್ತದ ಯವ್ವಾ, ಭಾರ ಎಲ್ಲಾರೂ ಹೊರಬೇಕು" ಅಂದಿದ್ದ. ಸುಳ್ಳಲ್ಲ, ಬೇಸಿಗೆಯಲ್ಲಿ ಅವಳ ಏಳು ಕುರಿ ನಿಂತಲ್ಲೇ ಕುಸಿದು ಸತ್ತಿದ್ದವು. ಯಾರಿಗೆ ಎಷ್ಟು ಭಾರ ಎಂದು ಅವಳು ಕೇಳಲೇ ಇಲ್ಲ. ಕೇಳುವುದೇನಿದೆ? ಕುರಿ ನೀರು ಕುಡಿಯುವ ಬಾವಿಯ ಹೂಳು ತೆಗೆಯುವಾಗ ಊರಲ್ಲಿ ಕುರಿ ಎಣಿಸಿಯೇ ಕೆಲಸ. ಹೆಚ್ಚು ಕುರಿ ಇದ್ದವನು ಮೊದಲು ಇಳಿದು ಹೆಚ್ಚು ಬುಟ್ಟಿ ತುಂಬಬೇಕು; ಎರಡು ಕುರಿಯ ಮುದುಕಿ ಹಗ್ಗಕ್ಕೆ ಕೈ ಹಚ್ಚಿದರೆ ಸಾಕು. ಲೋಕವೂ ಹಾಗೇ ನಡೆಯುತ್ತದೆ ಅಂದುಕೊಂಡಿದ್ದಳು, ಪಾಪ!

ಈಗ ಸಂಜೀವ ಮೈಕಿನಲ್ಲಿ ನಿರ್ಣಯ ಓದಿದ್ದ. ಕುರಿ ತೇಗಿದಾಗ ಬರುವ ಅನಿಲದಿಂದಲೂ ಭೂಮಿ ಬಿಸಿಯಾಗುತ್ತದಂತೆ. ಅದಕ್ಕೆ ಈ ಮೂವತ್ತಾರೂ ಮನೆಗಳು ಎರಡು ವರ್ಷದಲ್ಲಿ ಅರ್ಧ ಕುರಿ ಕಡಿಮೆ ಮಾಡಲು ಒಪ್ಪಿವೆಯಂತೆ. ದೇಶವಿದೇಶದವರ ದೊಡ್ಡ ಸಭೆಗೆ ನಾಡಿದ್ದು ಇದನ್ನು ಕಳಿಸುತ್ತಾರಂತೆ. ಜನ ಚಪ್ಪಾಳೆ ತಟ್ಟಿದರು. ಅರ್ಧ ಹಿಂಡು ಹೋದರೆ ಉಣ್ಣುವುದೇನು? ನಂಬಿ ಹೆಬ್ಬೆಟ್ಟು ಕೊಟ್ಟವರಿಗೆ ಯಾವ ಮುಖ ತೋರಿಸುವುದು? ಯಮನಮ್ಮ ಸೆರಗು ಸೊಂಟಕ್ಕೆ ಸಿಗಿಸಿ ನೇರ ವೇದಿಕೆ ಹತ್ತಿದಳು.

"ತಮ್ಮಾ ಸಂಜೀವ, ನಮ್ಮ ಕುರಿ ತೇಗಿದ್ದು ಎಣಿಸೀರಿ. ಈ ತಣ್ಣನ ಗಾಳಿ, ಹೊರಗ ಸಾಲಾಗಿ ನಿಂತ ಕಾರು, ಇವನ್ನ ಯಾರು ಎಣಿಸ್ಯಾರ?"

"ಅದು ಬ್ಯಾರೆ ಅದ ಯವ್ವಾ. ದೊಡ್ಡ ದೊಡ್ಡ ದೇಶದವರ ಜೋಡಿ ಮಾತುಕತಿ ನಡದದ."

"ಎಷ್ಟು ವರ್ಷ ಆತು ನಡದು?"

ಮುಂದಿನ ಸಾಲಿನಲ್ಲಿದ್ದ ಮಾನ್ವಿಯ ಟೀಚರ್ ಸುಗ್ರಾ ಬೇಗಂ ಹೇಳಿದರು: "ಮೂವತ್ತು ವರ್ಷದ ಮ್ಯಾಲಾತು ನೋಡ್ರಿ."

"ಅವರಿಗೆ ಮೂವತ್ತು ವರ್ಷ ಬರೇ ಮಾತು, ನಮಗ ಎರಡ ವರ್ಷದಾಗ ಅರ್ಧ ಕುರಿ! ಭಲೇ ನ್ಯಾಯ!" ಯಮನಮ್ಮ ಕಟ್ಟನ್ನು ಎತ್ತಿ ಕಂಕುಳಲ್ಲಿ ಇಟ್ಟುಕೊಂಡಳು. "ಯಾರಿಗೆ ಎಷ್ಟು ಅಂತ ಕೇಳದೆ ಒತ್ತಿಸಿದ್ದು ನನ್ನ ತಪ್ಪು. ಈ ಹೆಬ್ಬೆಟ್ಟು ವಾಪಸ್."

"ಯವ್ವಾ, ನಾಡದು ಕಳಸಬೇಕದು!"

"ನಾಳಿ ಸಂಜಿಗೆ ಬ್ಯಾರೆ ತಂದು ಕೊಡ್ತೀನಿ. ಟೀಚರ್ರ, ನಾ ಹೇಳಿದಾಂಗ ಬರಕೊಡ್ರಿ."

ಸುಗ್ರಾ ಬೇಗಂ ಅಲ್ಲೇ ಕೂತು ಬರೆದರು: ಹೆಚ್ಚು ಹೊಗೆ ಬಿಟ್ಟವರು ಮೊದಲು ಹೊರಲಿ, ಹೆಚ್ಚು ಹೊರಲಿ. ಆಮೇಲೆ ನಾವೂ ಕುರಿ ಎಣಿಸಿ ನಮ್ಮ ಪಾಲು ಹೊರುತ್ತೇವೆ, ಹೆಚ್ಚು ಕುರಿ ಇದ್ದವರೇ ಮೊದಲು.

ದೇವದುರ್ಗದ ಬಸ್ಸು ಹಿಡಿದು ಊರಿಗೆ ಬಂದವಳು ಸೀದಾ ಮೌನಪ್ಪನ ಹಟ್ಟಿಗೆ ಹೋದಳು. ಇನ್ನೂರು ಕುರಿಯ ಒಡೆಯ. ಅವನು ಒಲ್ಲೆ ಅಂದರೆ ಉಳಿದವರು ಹೆಬ್ಬೆಟ್ಟು ಕೊಡುವ ಮಾತೇ ಇಲ್ಲ. ತನ್ನ ತಪ್ಪನ್ನು ಮುಚ್ಚಿಡದೆ ಹೇಳಿ, ಹಳೆಯ ಕಾಗದಗಳನ್ನು ಅವನೆದುರೇ ಹರಿದಳು. ಹೊಸದನ್ನು ಮುಂದಿಟ್ಟಳು.

"ಇದರಾಗ ಊರಿಗೆಲ್ಲಾ ಹೆಚ್ಚಿನ ಭಾರ ನಿನಗ ಬೀಳ್ತದ ಮೌನಪ್ಪ. ತಿಳಕೊಂಡು ಒತ್ತು."

ಮೌನಪ್ಪ ಒಮ್ಮೆ ತನ್ನ ಹಿಂಡಿನ ಕಡೆ ನೋಡಿದ. ಆಮೇಲೆ ಹೆಬ್ಬೆರಳಿಗೆ ಮಸಿ ಹಚ್ಚಿಕೊಂಡು ಎಲ್ಲರಿಗಿಂತ ಮೇಲಿನ ಜಾಗದಲ್ಲಿ ಒತ್ತಿದ.

"ಬಾವಿಗೆ ಮೊದಲ ಇಳಿಯಾವ ನಾನ ಅಲ್ಲೇನು? ಮಸರಕಲ್ಲಾಗ ಮೌನಪ್ಪ ಇಳದಾನ ಅಂತ ಆ ದೊಡ್ಡ ದೇಶದವರಿಗೆ ಹೇಳ್ರಿ."

ಯಮನಮ್ಮ ಕಣ್ಣೊರೆಸಿಕೊಂಡು ಮುಂದಿನ ಮನೆಗೆ ಹೊರಟಳು.