ಕಾಲು ಪರ್ಸೆಂಟು

ಸೋಫಾವನ್ನು ಎಷ್ಟು ಓರೆ ಮಾಡಿದರೂ ಬಾಗಿಲಲ್ಲಿ ಸಿಕ್ಕಿಕೊಳ್ಳುತ್ತಿತ್ತು. ಸೋದರಮಾವ ಒಳಗಿನಿಂದ ತಳ್ಳುತ್ತಿದ್ದರು, ಎದುರುಮನೆಯ ಮೇಷ್ಟ್ರು ಹೊರಗಿನಿಂದ ಎಳೆಯುತ್ತಿದ್ದರು. ಆಸ್ಪತ್ರೆಯಿಂದ ತಂದ ಅಪ್ಪನ ದೇಹವನ್ನು ಮಲಗಿಸಲು ನಡುಮನೆ ಖಾಲಿಯಾಗಬೇಕಿತ್ತು.

"ಇದನ್ನ ಒಳಗೆ ಹೇಗೆ ತಂದನೋ ಮಹಾರಾಯ," ಎಂದು ಮೇಷ್ಟ್ರು ಏದುಸಿರು ಬಿಟ್ಟರು.

"ತಂದಿಲ್ಲ. ಒಳಗೇ ಕೂತು ಕಟ್ಟಿದ್ದು," ಎಂದಳು ಮಗಳು, ಗೇಟಿನ ಹತ್ತಿರದಿಂದ. ಬೆಳಿಗ್ಗೆ ಬಸ್ಸಿಳಿದು ಬಂದವಳು ಆಡಿದ ಮೊದಲ ಮಾತು ಅದು.

ಕೊನೆಗೆ ಕಾಲುಗಳನ್ನು ಬಿಚ್ಚಿ ಸೋಫಾವನ್ನು ಅಂಗಳಕ್ಕೆ ತಂದಿಟ್ಟರು. ಅವಳು ಗೇಟು ಬಿಟ್ಟು ಅಲ್ಲಾಡಲಿಲ್ಲ. ಅಮ್ಮ ಹೋದ ಮೇಲೆ ಅವಳು ಈ ಮನೆಯೊಳಗೆ ಕಾಲಿಟ್ಟಿರಲಿಲ್ಲ, ಅಪ್ಪನ ಜೊತೆ ಮಾತೂ ಆಡಿರಲಿಲ್ಲ. ಸೋದರಮಾವ ಕೈ ಒರೆಸಿಕೊಳ್ಳುತ್ತಾ ಬಂದು ಪಕ್ಕದಲ್ಲಿ ನಿಂತರು.

"ಒಂದ್ಸಲ ಮುಖ ನೋಡಿಬಿಡು ಪುಟ್ಟಿ. ಮಧ್ಯಾಹ್ನ ಗಾಡಿ ಬಂತು ಅಂದ್ರೆ ಆಮೇಲೆ ಬೇಕು ಅಂದ್ರೂ ಸಿಗಲ್ಲ."

"ನೋಡೋಣ ಮಾವ," ಎಂದಳು. ಒಳಗೆ ಹೋಗಲು ಆಗುತ್ತದೆಯೋ ಇಲ್ಲವೋ ಅವಳಿಗೇ ತಿಳಿದಿರಲಿಲ್ಲ.

ಬಂದವರು ಅಂಗಳದಲ್ಲಿ ಗುಂಪಾಗಿ ನಿಂತು ಸತ್ತವನ ಗುಣಗಾನ ಮಾಡುತ್ತಿದ್ದರು. ಸೋಫಾ ರಿಪೇರಿಯವನಾದರೂ ಬೀದಿಗೆಲ್ಲ ಅವನು ಕಾಲು ಪರ್ಸೆಂಟ್ ಮಾಮ. ಕಾಲು ಪರ್ಸೆಂಟ್ ಬಡ್ಡಿ ಹೆಚ್ಚು ಸಿಗುತ್ತದೆಂದರೆ ಊರಿನ ಆ ತುದಿಯ ಬ್ಯಾಂಕಿಗೂ ನಡೆದೇ ಹೋಗುತ್ತಿದ್ದ. ಆಟೋ ಹತ್ತಿದರೆ ಬಡ್ಡಿಯೆಲ್ಲ ಆಟೋದವನಿಗೇ ಸಂದಾಯ ಎನ್ನುತ್ತಿದ್ದ. ಇದ್ದ ದುಡ್ಡನ್ನು ಐದಾರು ಬ್ಯಾಂಕುಗಳಿಗೆ ಹಂಚಿ, ಒಂದರ ಅವಧಿ ಮುಗಿಯುವಷ್ಟರಲ್ಲಿ ಇನ್ನೊಂದು ಕೈಗೆ ಬರುವಂತೆ ಠೇವಣಿ ಇಡುತ್ತಿದ್ದ. ಬೀದಿಯವರಿಗೂ ಇಡಿಸುತ್ತಿದ್ದ. ತುಟಿಗಳ ನಡುವೆ ಮೊಳೆ ಕಚ್ಚಿಕೊಂಡೇ ಸಲಹೆ ಕೊಡುತ್ತಿದ್ದ.

"ಬಡ್ಡಿ ಎಷ್ಟಪ್ಪಾ ಅಂತ ಬ್ಯಾಂಕಿನವರೇ ಇವನನ್ನ ಕೇಳ್ಬೇಕಿತ್ತು," ಎಂದರು ಮೇಷ್ಟ್ರು. ಯಾರೋ ನಕ್ಕು, ಮಗಳ ಮುಖ ನೋಡಿ, ನಗು ನುಂಗಿಕೊಂಡರು.

*

ವರ್ಷಗಳ ಹಿಂದೆ ಆ ದಿನ ಅಮ್ಮ ಹಳೆಯ ದಿವಾನ್ ಮಂಚದ ಬಟ್ಟೆಯ ಹೊಲಿಗೆ ಬಿಚ್ಚುತ್ತಿದ್ದಳು. ಪಿತ್ತಕೋಶದಲ್ಲಿ ಕಲ್ಲು, ಆಪರೇಷನ್ ತೀರಾ ಮುಂದಕ್ಕೆ ಹಾಕಬೇಡಿ ಎಂದು ಡಾಕ್ಟರು ಹೇಳಿ ಕಳಿಸಿದ್ದರು.

"ದೊಡ್ಡ ಎಫ್‌ಡಿ ಮುಂದಿನ ತಿಂಗಳು ಕೈಗೆ ಬರುತ್ತಲ್ಲ, ಆಮೇಲೆ ಮಾಡಿಸಿದ್ರಾಯ್ತು ಬಿಡಿ," ಎಂದಿದ್ದಳು. "ಈಗ ಮುರಿಸಿದ್ರೆ ಬಡ್ಡಿ ಕಟ್ ಮಾಡ್ತಾರೆ. ನೀವೇ ಎಲ್ಲರಿಗೂ ಹೇಳ್ತೀರಲ್ಲ."

ಅಪ್ಪ ಬಾಯಿಂದ ಮೊಳೆ ತೆಗೆದ. ಏನೋ ಹೇಳುವವನಂತೆ ಅವಳನ್ನು ನೋಡಿದ. ಮತ್ತೆ ಮೊಳೆಯನ್ನು ತುಟಿಗಿಟ್ಟುಕೊಂಡು ತಲೆಯಾಡಿಸಿದ.

ಆ ತಿಂಗಳು ಮುಗಿಯುವ ಮೊದಲೇ ಅಮ್ಮನಿಗೆ ಜ್ವರ ಬಂತು, ಮೈಯೆಲ್ಲ ನಂಜೇರಿತು. ಅವಳನ್ನು ಮಣ್ಣು ಮಾಡಿ ಬಂದ ಸಂಜೆ, ಎಲ್ಲರ ಎದುರಿಗೆ ಮಗಳು ಕೇಳಿದ್ದಳು: "ಬಡ್ಡಿ ಪೂರ್ತಿ ಬಂತಾ ಅಪ್ಪ?"

ಬಡ್ಡಿಯ ಬಗ್ಗೆ ಯಾರು ಕೇಳಿದರೂ ಉತ್ತರ ಹೇಳಿಯೇ ಅಭ್ಯಾಸವಾಗಿದ್ದ ಮನುಷ್ಯ. "ಇನ್ನೂ ಇಲ್ಲಮ್ಮ," ಎಂದ.

ಅವಳು ಆ ರಾತ್ರಿಯ ಬಸ್ಸಿಗೇ ಹೊರಟಿದ್ದಳು.

*

ಮಧ್ಯಾಹ್ನ ಒಬ್ಬ ಹೆಂಗಸು ಬಂದಳು. ಊಟದ ಬಿಡುವಿರಬೇಕು, ಕೊರಳಲ್ಲಿ ಬ್ಯಾಂಕಿನ ಐಡಿ ಕಾರ್ಡ್ ಹಾಗೇ ನೇತಾಡುತ್ತಿತ್ತು. ಮುಖ್ಯ ಬೀದಿಯ ಬ್ಯಾಂಕಿನ ಕ್ಯಾಷಿಯರ್ ಎಂದು ಪರಿಚಯ ಹೇಳಿಕೊಂಡಳು. ಒಳಗೆ ಹೋಗಿ ಕೈಮುಗಿದು ಬಂದು, ಮನೆಯವರನ್ನು ಹುಡುಕುವಂತೆ ಸುತ್ತ ನೋಡಿದಳು.

"ನಾನು ಮಗಳು," ಎಂದಳು ಗೇಟಿನ ಬಳಿಯವಳು.

"ಅವರ ಯಜಮಾನಿಯವರನ್ನ ಒಂಚೂರು ಮಾತಾಡಿಸ್ಬೇಕಿತ್ತು. ಎದ್ದು ಓಡಾಡ್ತಾರಾ? ಆಪರೇಷನ್ ಆಯ್ತಾ ಅವರಿಗೆ?"

ಸೋದರಮಾವ ಏನೋ ಹೇಳಲು ಬಾಯಿ ತೆರೆದರು. ಮಗಳು ಅವರನ್ನು ಕಣ್ಣಲ್ಲೇ ತಡೆದು, ಆಕೆಯನ್ನು ಅಂಗಳದ ಸೋಫಾಕ್ಕೆ ಕರೆದೊಯ್ದಳು. ಕಾಲಿಲ್ಲದ ಸೋಫಾ. ಇಬ್ಬರೂ ನೆಲಕ್ಕೇ ಕುಕ್ಕರಿಸಿದಂತೆ ಕೂತರು.

ಕ್ಯಾಷಿಯರ್ ಹೇಳುತ್ತಾ ಹೋದಳು. ಕೆಲವು ವರ್ಷಗಳ ಹಿಂದೆ ಅವರು ಎಲ್ಲ ಬ್ಯಾಂಕುಗಳ ಠೇವಣಿಯನ್ನೂ ಒಂದೊಂದಾಗಿ ಮುರಿಸಿ, ದಂಡ ಕಟ್ಟಿ, ಅವಳ ಬ್ಯಾಂಕಿಗೆ ತಂದು ಬರೀ ಉಳಿತಾಯ ಖಾತೆಗೆ ಹಾಕಿದ್ದರಂತೆ. ಅದಕ್ಕೆ ಬರುವ ಬಡ್ಡಿ ಇದ್ದೂ ಇಲ್ಲದಂತೆ. ಪ್ರತಿ ಶುಕ್ರವಾರ ಅಷ್ಟೂ ದುಡ್ಡು ತೆಗೆಸುವರು, ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಎದುರಿನ ಬೆಂಚಿನಲ್ಲಿ ಕೂರುವರು, ಕೌಂಟರು ಮುಚ್ಚುವ ಮುಂಚೆ ತಿರುಗಿ ಕಟ್ಟಿ ಹೋಗುವರು.

"ನಮಗೋ ತಲೆನೋವು. ಯಾಕೆ ಅಂಕಲ್ ಅಂದ್ರೆ, 'ಏನಿಲ್ಲಮ್ಮ, ಕೇಳಿದ ತಕ್ಷಣ ಬರುತ್ತಾ ಅಂತ ನೋಡ್ದೆ' ಅನ್ನೋರು. ಎಫ್‌ಡಿಗೆ ಹಾಕಿ, ಡಬಲ್ ಬಡ್ಡಿ ಅಂತ ಮ್ಯಾನೇಜರೂ ಹೇಳಿದ್ರು. 'ಬೇಡ ಸಾರ್, ಆಮೇಲೆ ಅವಳು ಕಾಯಬೇಕಾಗುತ್ತೆ' ಅಂದ್ರು."

"ಯಾವಾಗ ಅಂದಿದ್ದು?"

"ಹೋದ ಶುಕ್ರವಾರಾನೂ ಅಂದ್ರು. ಡಾಕ್ಟರು ಇನ್ನೂ ತಾರೀಕು ಕೊಟ್ಟಿಲ್ವಂತೆ."

ಮಗಳು ಸೋಫಾದ ಅಂಚಿನ ಹೊಲಿಗೆಯ ಮೇಲೆ ಬೆರಳಾಡಿಸುತ್ತಿದ್ದಳು. "ಅಮ್ಮ ಹೋಗಿ ಆರು ವರ್ಷ ಆಯ್ತು," ಎಂದಳು.

ಕ್ಯಾಷಿಯರ್ ತೆರೆದ ಬಾಗಿಲಿನ ಕಡೆ ಒಮ್ಮೆ ನೋಡಿದಳು, ಅಲ್ಲಿ ಯಾರೋ ಬಂದು ನಿಂತಿದ್ದಾರೆಂಬಂತೆ. ಆಮೇಲೆ ಐಡಿ ಕಾರ್ಡನ್ನು ಕೊರಳಿಂದ ತೆಗೆದು ಮುಷ್ಟಿಯಲ್ಲಿ ಹಿಡಿದುಕೊಂಡಳು.

ಗಾಡಿ ಬಂತು.

ಮಗಳು ಎದ್ದಳು. ಹೊಸ್ತಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಹೋದಳು. ಸೋಫಾ ಇದ್ದ ಜಾಗದಲ್ಲಿ ನೆಲದ ಬಣ್ಣವೇ ಬೇರೆ ಇತ್ತು. ಅಲ್ಲಿ ಅಪ್ಪನನ್ನು ಮಲಗಿಸಿದ್ದರು. ಅವಳು ಇನ್ನೂ ಮುಖ ನೋಡಿರಲಿಲ್ಲ. ಗೋಡೆಯ ಪಕ್ಕ, ಬಾಗಿಲಿಗೆ ಹತ್ತಿರವಾಗಿ, ಎತ್ತಿಕೊಂಡು ಹೊರಡುವುದೊಂದೇ ಬಾಕಿ ಎಂಬಂತೆ ಅಮ್ಮನ ಬಟ್ಟೆಯ ಬ್ಯಾಗು ನಿಂತಿತ್ತು. ಜಿಪ್ ಎಳೆದಳು. ಮಡಿಸಿದ ನೈಟಿ. ಬಿಸಿಲಿನ ವಾಸನೆ ಇನ್ನೂ ಹೋಗದ ಟವೆಲು. ಫ್ಲಾಸ್ಕು. ಕಾಗದ ಬಿಚ್ಚದ ಹೊಸ ಸೋಪು. ತಳದಲ್ಲಿ ಅಮ್ಮನ ಬಾಚಣಿಗೆ.

ಹೊರಗೆ ಗಾಡಿಯವನು ಹಾರ್ನ್ ಹೊಡೆದ. "ಸ್ವಲ್ಪ ತಡಿಯಪ್ಪ," ಎಂದರು ಸೋದರಮಾವ.

ಅವಳು ಬಾಚಣಿಗೆ ಹಿಡಿದು ಅಪ್ಪನ ತಲೆಯ ಬಳಿ ಕೂತಳು. ಆಸ್ಪತ್ರೆಯಲ್ಲಿ ಯಾರೋ ಕೂದಲನ್ನೆಲ್ಲ ಹಿಂದಕ್ಕೆ ತಳ್ಳಿದ್ದರು. ಬೈತಲೆ ಯಾವ ಕಡೆ ತೆಗೆಯುತ್ತಿದ್ದ ಎಂಬುದು ಅವಳಿಗೆ ನೆನಪಾಗಲಿಲ್ಲ. ಎಡಕ್ಕೆ ಬಾಚಿ ಮುಖ ನೋಡಿದಳು. ಅಲ್ಲವೆನಿಸಿತು. ಬಲಕ್ಕೆ ಬಾಚಿ, ಮತ್ತೆ ನೋಡಿದಳು.