ದೊಡ್ಡ ಸರ್ ಬರೆದದ್ದು, ಚಿಕ್ಕ ಸರ್ ಹೇಳಿದ್ದು

ದೊಡ್ಡ ಸರ್ ಗಂಟಲಿನಿಂದ ಕಡಲೆಕಾಳಿನಷ್ಟು ಗಂಟೊಂದನ್ನು ತೆಗೆದ ಡಾಕ್ಟರು, ಆರು ವಾರ ತುಟಿ ಪಿಟಕ್ಕೆನ್ನಕೂಡದು, ಪಿಸುಮಾತೂ ಬೇಡ ಎಂದು ಕಟ್ಟಪ್ಪಣೆ ಮಾಡಿದರು. ಲೀಗ್ ಆಗಲೇ ಅರ್ಧ ದಾಟಿತ್ತು. ಬ್ಯಾಸ್ಕೆಟ್‌ಬಾಲ್ ತಂಡದ ಮುಖ್ಯ ಕೋಚ್ ಬಾಯಿಗೆ ಬೀಗ ಹಾಕಿಕೊಂಡು ಕೂರುವುದೆಂದರೇನು? ಅದರಲ್ಲೂ ಈ ಮನುಷ್ಯ ಬೈಗುಳದಲ್ಲಿ ಎತ್ತಿದ ಕೈ. ಅವರು ಗದರಿದರೆ ಎದುರು ತಂಡದವರೂ ಬೆನ್ನು ನೆಟ್ಟಗೆ ಮಾಡಿಕೊಳ್ಳುತ್ತಿದ್ದರು.

ಕೆಲಸ ಚಿಕ್ಕ ಸರ್ ಹೆಗಲಿಗೆ ಬಿತ್ತು. ಹೆಸರಿಗೆ ಚಿಕ್ಕ ಸರ್, ವಯಸ್ಸು ಐವತ್ತೊಂದು. ಹನ್ನೊಂದು ವರ್ಷದಿಂದ ಅಲ್ಲಿ ಸಹಾಯಕ ಕೋಚ್. ಎದುರಾಳಿಗಳ ಆಟದ ವಿಡಿಯೊ ನೋಡಿ ನೋಡಿ ಟಿಪ್ಪಣಿ ಮಾಡುವುದು, ಟೈಮ್‌ಔಟ್ ಆದಾಗ ಪುಟ್ಟ ಬಿಳಿ ಬೋರ್ಡು, ಪೆನ್ನು ಎತ್ತಿ ಕೊಡುವುದು, ದೊಡ್ಡ ಸರ್ ಹೇಳಿದ್ದಕ್ಕೆ ಹೂಂಗುಟ್ಟುವುದು, ಇಷ್ಟು ಅವರ ಪಾಲಿನದು. ಈಗ ದೊಡ್ಡ ಸರ್ ಬೋರ್ಡಿನ ಮೇಲೆ ಬರೆಯುವುದು, ಚಿಕ್ಕ ಸರ್ ಅದನ್ನು ಗಟ್ಟಿಯಾಗಿ ಹೇಳುವುದು ಎಂದಾಯಿತು. ಆಟಗಾರರೇ ಓದಿಕೊಳ್ಳಬಹುದಿತ್ತಲ್ಲ ಎಂದರೆ, ಆ ಅಕ್ಷರ ಶಾಯಿಗೆ ಬಿದ್ದ ಇರುವೆ ಎದ್ದು ನಡೆದ ಹಾಗೆ. ಹನ್ನೊಂದು ವರ್ಷ ಪಕ್ಕದಲ್ಲಿ ಕೂತವರಿಗೆ ಮಾತ್ರ ಅದು ದಕ್ಕುತ್ತಿತ್ತು.

ಮೊದಲ ಪಂದ್ಯದಲ್ಲೇ ದೊಡ್ಡ ಸರ್ ಗೀಚಿದರು: ‘ಇವರಿಗೆ ಕಾಲಿದೆಯೋ, ಬರೀ ಶೂ ಇದೆಯೋ ಕೇಳು.’

ಸುತ್ತ ಬೆವರುತ್ತ ನಿಂತವರ ಮುಖ ನೋಡಿ ಚಿಕ್ಕ ಸರ್ ಆ ಮಾತನ್ನು ನುಂಗಿಕೊಂಡರು. “ಹಿಂದಕ್ಕೆ ಓಡೋದು ಸ್ವಲ್ಪ ತಡ ಆಗ್ತಿದೆ ಅಂತಿದ್ದಾರೆ. ಒಂದು ಹೆಜ್ಜೆ ಮೊದಲೇ ತಿರುಗಿ, ಸಾಕು,” ಎಂದರು.

ಹುಡುಗರು ತಿರುಗಿದರು, ಗೆದ್ದರು. ದೊಡ್ಡ ಸರ್ ಒಮ್ಮೆ ದುರುಗುಟ್ಟಿ ನೋಡಿ ಬೋರ್ಡು ಒರೆಸಿದರು. ಅಲ್ಲಿಂದ ಚಿಕ್ಕ ಸರ್‌ಗೆ ಚಳಿ ಬಿಟ್ಟಿತು. ಮೊದಲು ಬೈಗುಳ ಕಳೆದರು, ಆಮೇಲೆ ತಮ್ಮದೊಂದು ಮಾತು ಸೇರಿಸಿದರು, ಬರಬರುತ್ತಾ ಬರೆದದ್ದಕ್ಕೂ ಹೇಳಿದ್ದಕ್ಕೂ ದೂರದ ನೆಂಟಸ್ತನವಷ್ಟೇ ಉಳಿಯಿತು. ಐದರಲ್ಲಿ ನಾಲ್ಕು ಪಂದ್ಯ ಕೈಗೆ ಬಂದವು. ಮಾತಿಲ್ಲದೆ ತಂಡ ನಡೆಸುವ ದೊಡ್ಡ ಸರ್ ಜಾಣ್ಮೆಯನ್ನು ಪತ್ರಿಕೆಗಳು ಹೊಗಳಿದವು.

ಆರನೆಯದನ್ನು ಗೆದ್ದರೆ ಮುಂದಿನ ಸುತ್ತು, ಸೋತರೆ ಮನೆ. ಕೊನೆಯ ಹತ್ತೊಂಬತ್ತು ಸೆಕೆಂಡು, ಒಂದು ಅಂಕ ಹಿಂದೆ. ದೊಡ್ಡ ಸರ್ ಟೈಮ್‌ಔಟ್ ಕೇಳಿ ಬರೆದರು: ‘ಏಣಿ ಹೊರಗೆ. ಚೆಂಡು ಕುಳ್ಳನಿಗೆ.’

ಕುಳ್ಳ ತಂಡದ ಅತಿ ಗಿಡ್ಡ ಆಟಗಾರ, ಏಣಿ ಅತಿ ಎತ್ತರದವನು. ಏಣಿಗೆ ಮೂವತ್ತೈದು ದಾಟಿತ್ತು, ಎರಡೂ ಮಂಡಿಗೆ ಪಟ್ಟಿ, ಇದೇ ಕೊನೆಯ ವರ್ಷ. ಫೌಲ್ ಆಗಿ ಫ್ರೀ ಥ್ರೋ ಎಸೆಯುವಾಗ ಅವನ ಗುರಿ ತಪ್ಪುವುದು ಊರಿಗೆಲ್ಲ ಗೊತ್ತು. ಅದಕ್ಕೇ ಆ ಆದೇಶ. ಆದರೆ ಅವನನ್ನು ತಡೆಯುತ್ತಿದ್ದ ಎದುರಾಳಿಗೆ ಆಗಲೇ ನಾಲ್ಕು ಫೌಲಾಗಿದ್ದು ಚಿಕ್ಕ ಸರ್ ಲೆಕ್ಕದಲ್ಲಿತ್ತು. ಇನ್ನೊಂದಾದರೆ ಅವನು ಆಟದಿಂದಲೇ ಹೊರಗೆ.

“ಚೆಂಡು ಏಣಿಗೆ ಕೊಡಿ,” ಎಂದರು ಚಿಕ್ಕ ಸರ್. “ನಿನ್ನನ್ನ ತಡೆಯೋನು ಮುಟ್ಟೋಕೆ ಹೆದರ್ತಾನೆ. ನೇರ ನುಗ್ಗು.”

ಪಕ್ಕದಲ್ಲಿ ಪೆನ್ನು ಬೋರ್ಡನ್ನು ಟಕಟಕ ಕುಟ್ಟುತ್ತಿತ್ತು. ಅವರು ಆ ಕಡೆ ತಿರುಗಲಿಲ್ಲ.

ಎಣಿಸಿದ ಹಾಗೆಯೇ ಆ ಎದುರಾಳಿ ಹಿಂದೆ ಸರಿದ. ಎಣಿಸದ ಇನ್ನೊಬ್ಬ ಮಗ್ಗುಲಿನಿಂದ ಬಂದು ಏಣಿಯ ಕೈಗೆ ಹೊಡೆದ. ತಲಾ ಒಂದು ಅಂಕದ ಎರಡು ಫ್ರೀ ಥ್ರೋ. ಒಂದು ಬುಟ್ಟಿಯ ಬಳೆಯವರೆಗೂ ಹೋಗಲಿಲ್ಲ. ಇನ್ನೊಂದು ಬಳೆಯ ಅಂಚನ್ನು ಸುತ್ತಿ ಆಚೆ ಬಿತ್ತು. ಸೋತರು.

ಬಟ್ಟೆ ಬದಲಿಸುವ ಕೋಣೆಯಲ್ಲಿ ಏಣಿ ಮಂಡಿಗೆ ಐಸ್ ಒತ್ತಿಕೊಂಡು ಕೂತಿದ್ದ. “ಸೋಲಿಸಿಬಿಟ್ಟೆ ಸರ್,” ಎಂದ. “ಆದ್ರೂ ಕೊನೇ ಚೆಂಡು ನಂಗೇ ಕೊಡಿ ಅಂದ್ರಲ್ಲ ದೊಡ್ಡ ಸರ್. ಅವರ ಬಾಯಲ್ಲಿ ಒಂದು ಒಳ್ಳೆ ಮಾತು ಕೇಳಿದವನಲ್ಲ ನಾನು.”

ಚಿಕ್ಕ ಸರ್ ಒದ್ದೆ ಟವೆಲುಗಳನ್ನು ಬುಟ್ಟಿಗೆ ಹಾಕಿದರು. ಅದು ಅವರ ಕೆಲಸವಾಗಿರಲಿಲ್ಲ.

ಮರುದಿನ ಬೆಳಗ್ಗೆ ಅಡುಗೆಮನೆಯಲ್ಲಿ ಹೆಂಡತಿಗೆ, “ನಿನ್ನೆ ಮ್ಯಾಚು ಸೋಲಿಸಿದ್ದು ನಾನು,” ಎಂದರು.

“ನೀವು ಯಾವಾಗ ಆಡಿದ್ರಿ?” ಎಂದಳು ಅವಳು.

ಅವರಿಗೆ ಸೋಲಿನ ಸಂಕಟವಿತ್ತು. ಜೊತೆಗೇ, ಹನ್ನೊಂದು ವರ್ಷದಲ್ಲಿ ಮೊದಲ ಸಲ, ಒಂದು ಪಂದ್ಯ ತಮ್ಮದು ಎನ್ನಿಸಿತ್ತು.

ಹತ್ತು ಗಂಟೆಗೆ ತಂಡದ ಮಾಲಕಿ ಇಬ್ಬರನ್ನೂ ಕರೆಸಿ, ಏಣಿಗೆ ಚೆಂಡು ಕೊಡಿಸಿದ್ದು ಯಾರು ಎಂದು ಕೇಳಿದರು. ದೊಡ್ಡ ಸರ್ ಒಂದೇ ಪದ ಬರೆದು ಬೋರ್ಡು ತಿರುಗಿಸಿದರು. ಮಾಲಕಿ ಕಣ್ಣು ಕಿರಿದು ಮಾಡಿ, “ಏನಿದು?” ಎಂದರು.

“‘ನಾನು’ ಅಂತ ಬರೆದಿದ್ದಾರೆ ಮೇಡಂ,” ಎಂದರು ಚಿಕ್ಕ ಸರ್. “ಆದ್ರೆ ಅದು ನಿಜ ಅಲ್ಲ. ಅವರು ಬರೆದದ್ದೇ ಬೇರೆ, ನಾನು ಹೇಳಿದ್ದೇ ಬೇರೆ.”

ಮಾಲಕಿ ಇಬ್ಬರನ್ನೂ ನೋಡಿದರು. ಈ ಮಾತು ಈ ಕೋಣೆ ದಾಟಬಾರದು ಎಂದಷ್ಟೇ ಹೇಳಿ ಕಳಿಸಿದರು.

ದೊಡ್ಡ ಸರ್‌ಗೆ ಮಾತು ಬಂದದ್ದು ಹತ್ತು ದಿನದ ನಂತರ, ಖಾಲಿ ಆಟದಂಗಳದಲ್ಲಿ. ದನಿ ಒಡೆದಿತ್ತು. “ನನಗೆ ಹೋಗಿದ್ದು ಗಂಟಲು ಕಣಯ್ಯಾ, ಕಿವಿ ಅಲ್ಲ. ಆರು ಮ್ಯಾಚಲ್ಲಿ ನನ್ನ ಮಾತು ಒಂದಾದ್ರೂ ನೆಟ್ಟಗೆ ಹೇಳಿದ್ಯಾ?”

“ಇಲ್ಲ.”

“ಗೆದ್ದಾಗ ಯಾಕೆ ಇದನ್ನ ಮೇಡಂಗೆ ಹೇಳ್ಲಿಲ್ಲ?”

“ಆಗ ಯಾರೂ ಕೇಳ್ಲಿಲ್ಲ.”

ದೊಡ್ಡ ಸರ್ ನಕ್ಕರೋ ಕೆಮ್ಮಿದರೋ ತಿಳಿಯಲಿಲ್ಲ. “ಇನ್ನು ನೀನು ನನ್ನ ಪಕ್ಕ ಕೂರೋದು ಆಗಲ್ಲ,” ಎಂದರು. ಕೋಪದಲ್ಲಿ ಹೇಳಿದ ಹಾಗಿರಲಿಲ್ಲ.

ಮರುವರ್ಷ ಕೆಳಗಿನ ಲೀಗಿನ ಒಂದು ತಂಡ ಚಿಕ್ಕ ಸರ್‌ಗೆ ಮುಖ್ಯ ಕೋಚ್ ಹುದ್ದೆ ಕೊಟ್ಟಿತು. ಶಿಫಾರಸು ದೊಡ್ಡ ಸರ್‌ದೇ, ಟೈಪ್ ಮಾಡಿಸಿದ್ದು. ಹೊಸ ತಂಡ ಮೊದಲ ನಾಲ್ಕರಲ್ಲಿ ಮೂರು ಸೋತಿತು. ಏಣಿ ಆಟ ಬಿಟ್ಟು ಒಂದು ಶಾಲೆಯಲ್ಲಿ ವ್ಯಾಯಾಮದ ಮೇಷ್ಟ್ರಾದ. ಚಿಕ್ಕ ಸರ್‌ಗೆ ಫೋನ್ ಮಾಡಿದಾಗಲೆಲ್ಲ ಅವನು, ದೊಡ್ಡ ಸರ್ ತನ್ನ ಮೇಲಿಟ್ಟ ನಂಬಿಕೆಯ ಮಾತೆತ್ತುತ್ತಾನೆ. ಚಿಕ್ಕ ಸರ್ “ಹೌದಪ್ಪಾ” ಎಂದು, ಅವನ ಮಂಡಿ ಹೇಗಿದೆ ಎಂದು ಕೇಳುತ್ತಾರೆ.